ಜೇಬಿರುವ ಕಂಬಳಿ

ಚಟ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಚಟ್.

ಶಿರಾದಲ್ಲಿ ಹುಟ್ಟಿ ಬೆಳೆದವರಿಗೆ ಇದು ಏನು ಸದ್ದೆಂದು ಹೇಳಬೇಕಾಗಿಲ್ಲ. ನನ್ನ ಹೆಂಡತಿ ಅಶ್ವಿನಿ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಕಡಲೆಕಾಯಿ ಸುಲಿಯುತ್ತಿದ್ದಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೈ. ಒಂದು ಕಾಯಿಗೂ ಇನ್ನೊಂದಕ್ಕೂ ನಡುವಿನ ಅಂತರ ಕೂಡ ಕರಾರುವಾಕ್ಕಾಗಿತ್ತು. ನಾನು ಪಕ್ಕದಲ್ಲಿ ಮೇಜಿನ ಮುಂದೆ ಕುಳಿತು ನನ್ನ ಕಾದಂಬರಿಯ ಎರಡನೆಯ ಅಧ್ಯಾಯವನ್ನು ನೋಡುತ್ತಿದ್ದೆ. ಅದು ನನ್ನನ್ನು ನೋಡುತ್ತಿತ್ತು. ನಾಲ್ಕು ತಿಂಗಳಿಂದ ನಮ್ಮಿಬ್ಬರ ಸಂಬಂಧ ಅಷ್ಟರಲ್ಲೇ ಇತ್ತು.

ಕವಿತೆ ಬರೆಯುತ್ತಿದ್ದ ಕಾಲದಲ್ಲಿ ನನಗೆ ಈ ಕಷ್ಟವಿರಲಿಲ್ಲ. ಹನ್ನೆರಡು ಸಾಲಿಗೆ ಬೇಕಾದಷ್ಟು ಸ್ಫೂರ್ತಿ ಕಿಟಕಿಯಲ್ಲೇ ಸಿಗುತ್ತಿತ್ತು. ಕಾದಂಬರಿಗೆ ಅದು ಮೂಟೆಗಟ್ಟಲೆ ಬೇಕು. ಹೋದ ತಿಂಗಳು ಸ್ಫೂರ್ತಿಗೆಂದೇ ಮಧುಗಿರಿ ಬೆಟ್ಟ ಹತ್ತಿದ್ದೆ. ಅರ್ಧ ದಾರಿಯಲ್ಲಿ ಸಿಕ್ಕಿದ್ದು ಮೊಣಕಾಲು ನೋವು.

ಚಟ್ ಎಂಬ ಆ ಸದ್ದಿಗೆ ನನಗೆ ಸತ್ಯ ಹೊಳೆಯಿತು. ಬೆಟ್ಟವೇಕೆ? ಮನೆಯಿಲ್ಲವೇ? ಇನ್ನು ಮೇಲೆ ನನ್ನ ಮನೆಯೇ ನನ್ನ ಗಣಿ, ನನ್ನ ಹೆಂಡತಿಯ ಮಾತೇ ನನ್ನ ಅದಿರು. ಉಣ್ಣುವುದು, ಉಡುವುದು, ಬಸ್ಸು ಹತ್ತುವುದು, ಎಲ್ಲವೂ ಕಲೆ. ಬರುವ ಭಾನುವಾರ ಪಾವಗಡದ ಓದುಗರ ಬಳಗದಲ್ಲಿ 'ದಿನದ ಬದುಕಿನಲ್ಲಿ ಸ್ಫೂರ್ತಿ' ಎಂಬ ವಿಷಯದ ಮೇಲೆ ಮಾತಾಡಲು ನಿವೃತ್ತ ಮೇಷ್ಟ್ರು ಕದಿರಯ್ಯನವರು ನನ್ನನ್ನು ಕರೆದಿದ್ದರು. ವಿಷಯ ಅವರದು. ಅದನ್ನು ಬದುಕಿ ತೋರಿಸುವವನು ನಾನು. ಅಂಗೈಯಗಲದ ಹೊಸ ಪುಸ್ತಕವೊಂದನ್ನು ತೆಗೆದು, ಪೆನ್ನು ಬಿಚ್ಚಿ, ಹೆಂಡತಿಯ ಕಡೆ ಕಿವಿ ತಿರುಗಿಸಿದೆ.

ಅವಳು ಆಗಲೇ ಮಾತಾಡುತ್ತಿದ್ದಳು.

"ರೀ, ಕೇಳಿಸ್ಕೊಳ್ತಿದೀರಾ? ಬರೋ ವಾರ ಬುಧವಾರ ಗಂಡಿನ ಕಡೆಯೋರು ವೀಳ್ಯಕ್ಕೆ ಬರ್ತಾರೆ. ಆ ಅಜ್ಜ ದೊಡ್ಡಹನುಮಯ್ಯನೋರು ಸೋಫಾ ಮೇಲೆ ಕೂತು ಮಾತು ಕೊಡೋರಲ್ಲ. ಮನೆ ಕಂಬಳಿ ಹಾಸ್ಬೇಕು. ಹೋದ ವರ್ಷ ಇನ್ನೊಬ್ಬ ಮೊಮ್ಮಗನಿಗೆ ಹೆಣ್ಣು ಕೇಳೋಕೆ ಹೋದಾಗ ಯಾರೋ ಪ್ಲಾಸ್ಟಿಕ್ ಚಾಪೆ ಹಾಸಿದ್ರು ಅಂತ ಕಾಫೀನೂ ಕುಡೀದೆ ಎದ್ದು ಬಂದವ್ರಂತೆ. ಅತ್ತೆ ಕಂಬಳಿ ಟ್ರಂಕಲ್ಲಿದೆ, ಬೇವಿನ ಸೊಪ್ಪು ಹಾಕಿ ಇಟ್ಟಿದೀನಿ. ಕತ್ತರಿ ಸೋಕದ ಕಂಬಳಿ ಅದು, ಹಂಗೇ ಇರ್ಲಿ. ಮುಟ್ಬೇಡಿ."

ಅವಳು ಏನು ಹೇಳಿದಳು ಎಂಬುದು ನನಗೆ ಈಗ ಗೊತ್ತು. ಆಗ ಗೊತ್ತಿದ್ದದ್ದು ಹೇಗೆ ಹೇಳಿದಳು ಎಂಬುದಷ್ಟೇ. ಕೈ ಬರೆಯುತ್ತಿತ್ತು, ಕಿವಿ ಲಯ ಹಿಡಿಯುತ್ತಿತ್ತು, ತಲೆ ಪಾವಗಡದ ವೇದಿಕೆಯ ಮೇಲೆ ನಿಂತಿತ್ತು.

"ಕೇಳಿಸ್ತಾ?" ಎಂದಳು.

"ಕೇಳಿಸ್ತು. ಇನ್ನೊಂದು ಸಲ ಹೇಳು. 'ಹಂಗೇ ಇರ್ಲಿ' ಅನ್ನೋಕ್ ಮುಂಚೆ ಒಂದು ಮೌನ ಇಟ್ಟೆಯಲ್ಲ, ಅದು ಬೇಕು ನನಗೆ."

"ಬಾಯಲ್ಲಿ ಕಡ್ಲೆಬೀಜ ಇತ್ತು ರೀ."

ಅದನ್ನೂ ಬರೆದುಕೊಂಡೆ.

ಮಗಳ ವಿಷಯ ಇಲ್ಲಿ ಹೇಳಿಬಿಡಬೇಕು. ನಮ್ಮ ಯಶಸ್ವಿನಿ ಕೊರಟಗೆರೆಯಲ್ಲಿ ದನದ ಡಾಕ್ಟರು. ಮಧುಗಿರಿಯ ಶಾಲೆಯೊಂದರಲ್ಲಿ ಮೇಷ್ಟ್ರಾಗಿರುವ ನರಸಿಂಹರಾಜುವನ್ನು ತಾನೇ ಮೆಚ್ಚಿ, ತಾನೇ ನಮಗೆ ತಿಳಿಸಿ, ಎರಡೂ ಮನೆಯವರನ್ನು ತಾನೇ ಒಪ್ಪಿಸಿದ್ದಳು. ಉಳಿದಿದ್ದದ್ದು ಆ ಹುಡುಗನ ಅಜ್ಜ ಒಬ್ಬರು. ಅವರು ನಮ್ಮ ಮನೆಗೆ ಬಂದು, ಮನೆಯ ಕಂಬಳಿಯ ಮೇಲೆ ಕುಳಿತು, ಎಲೆಅಡಿಕೆ ಹಿಡಿದು 'ಆಯ್ತು' ಎಂದರೆ ಮದುವೆ. ಎದ್ದು ಹೋದರೆ ಇಲ್ಲ. ಇಷ್ಟು ಸರಳವಾದ ವಿಷಯ ಮನೆಯಲ್ಲಿ ಎಲ್ಲರಿಗೂ ತಿಳಿದಿತ್ತು. ನನ್ನ ಪುಸ್ತಕಕ್ಕೂ ತಿಳಿದಿತ್ತು.

ಮಾರನೆಯ ದಿನ ಮಂಗಳವಾರ ಅಶ್ವಿನಿ ಶಾಲೆಗೆ ಹೋದ ಮೇಲೆ ಉಡುಪಿನ ಪ್ರಶ್ನೆ ಎದ್ದಿತು. ಕವಿಯಾಗಿದ್ದಾಗ ಜುಬ್ಬ ಸಾಕಾಗುತ್ತಿತ್ತು. ಕಾದಂಬರಿಕಾರನಿಗೆ ತೂಕ ಬೇಕು. ಮದುವೆಯ ಶಾಲು ಇದೆಯೇನೋ ಎಂದು ಟ್ರಂಕು ತೆಗೆದೆ. ಶಾಲಿರಲಿಲ್ಲ. ಒಣಗಿದ ಬೇವಿನ ಸೊಪ್ಪಿನ ಕೆಳಗೆ ಒಂದು ಕರಿ ಕಂಬಳಿ ಮಲಗಿತ್ತು. ಬಣ್ಣ ಹಾಕಿದ ಕಪ್ಪಲ್ಲ, ಕುರಿಯದೇ ಕಪ್ಪು. ಅಂಚಿನಲ್ಲಿ ಕಂದು ಬಣ್ಣದ ಒಂದು ಪಟ್ಟೆ, ಸಂಜೆ ಹೊತ್ತು ಹುಲಿಕುಂಟೆಯ ಕಡೆ ದೂಳೆಬ್ಬಿಸಿಕೊಂಡು ಮನೆಗೆ ಬರುವ ಮಂದೆಯ ಬೆನ್ನಿನ ಹಾಗೆ. ಮೂಗಿಗೆ ಹಿಡಿದೆ. ನನ್ನ ಬಾಲ್ಯವೆಲ್ಲ ಅದರೊಳಗೆ ಮಡಚಿಟ್ಟಿದ್ದಂತೆ ವಾಸನೆ ಬಂತು. ಕಣ್ಣು ಒದ್ದೆಯಾಯಿತು. ನನ್ನ ಮದುವೆಯ ವೀಳ್ಯಕ್ಕೆ ನಾನೂ ಅದರ ಮೇಲೇ ಕುಳಿತಿದ್ದೆನಂತೆ. ನೆನಪಿಲ್ಲ. ಅಂದು ನಾನು ಮನಸ್ಸಿನಲ್ಲಿ ಒಂದು ಸಾಲು ತಿದ್ದುತ್ತಿದ್ದೆ.

ಯಾರೂ ತೆಗೆಯದ ಟ್ರಂಕಿನಲ್ಲಿ, ಯಾರಿಗೂ ಬೇಡವಾಗಿ ಬಿದ್ದಿರುವ ಪರಂಪರೆ! ಅದನ್ನು ಮೈಮೇಲೆ ಹೊತ್ತು ಲೋಕಕ್ಕೆ ತೋರಿಸುವುದು ನನ್ನ ಕರ್ತವ್ಯವೆನಿಸಿತು. ಕಂಕುಳಲ್ಲಿ ಇಟ್ಟುಕೊಂಡು ನೇರವಾಗಿ ಟೈಲರ್ ದಾದಾಪೀರ್ ಅಂಗಡಿಗೆ ನಡೆದೆ.

ದಾದಾಪೀರ್ ಅದನ್ನು ಮೇಜಿನ ಮೇಲೆ ಹರಡಿ, ಬೆರಳಿನಿಂದ ತಟ್ಟಿ ನೋಡಿದ. ಟಕಟಕ ಎಂದಿತು.

"ಸಾಬ್, ಇದು ಕಂಬಳಿ."

"ಇವತ್ತು ಕಂಬಳಿ. ಶನಿವಾರ ಕೋಟು."

"ಹುಣಸೆಬೀಜದ ಗಂಜಿ ಹಾಕಿ ನೇಯ್ದಿರೋದು ಸಾಬ್. ತಗಡು ಇದ್ದಂಗೆ ಇದೆ. ನನ್ ಮಷೀನು ಅಳ್ತದೆ."

"ಕಲೆ ಹುಟ್ಟುವಾಗ ಯಾರಾದರೂ ಅಳಲೇಬೇಕು ದಾದಾಪೀರ್ ಭಾಯ್."

ಅವನು ಕನ್ನಡಕದ ಮೇಲಿಂದ ನನ್ನನ್ನು ನೋಡಿದ. "ಮನೇಲಿ ಕೇಳಿದ್ರಾ?"

"ನನ್ನ ಮನೆಯೇ ನನ್ನ ಸ್ಫೂರ್ತಿ."

"ನಾನು ಕೇಳಿದ್ದು ಅದಲ್ಲ ಸಾಬ್" ಎಂದ. ಆದರೂ ಕತ್ತರಿ ತೆಗೆದುಕೊಂಡ. ಗಿರಾಕಿ ದೇವರೆಂದು ನಂಬಿದ ಮನುಷ್ಯ; ದೇವರಿಗೆ ಬುದ್ಧಿ ಹೇಳುವ ಅಭ್ಯಾಸ ಅವನಿಗಿಲ್ಲ. ಮೂರು ಸೂಜಿ ಮುರಿದವು. ಬಲಗಡೆ ಒಂದು ದೊಡ್ಡ ಜೇಬು ಇಡಿಸಿದೆ, ಪುಸ್ತಕ ಪೂರ್ತಿ ಮುಳುಗುವಷ್ಟು ಆಳಕ್ಕೆ.

ಶನಿವಾರ ಹೋಗಿ ನೋಡಿದೆ. ಕೋಟಿಗೆ ಹ್ಯಾಂಗರ್ ಬೇಕಾಗಿರಲಿಲ್ಲ. ಅಂಗಡಿಯ ನಡುವೆ ತಾನೇ ನಿಂತಿತ್ತು.

ಭಾನುವಾರ ಮನೆಯಿಂದ ಜುಬ್ಬದಲ್ಲಿ ಹೊರಟು, ಅಂಗಡಿಯಲ್ಲಿ ಕೋಟು ತೊಟ್ಟು ಪಾವಗಡದ ಬಸ್ಸು ಹತ್ತಿದೆ. ತೊಟ್ಟೆ ಎನ್ನುವುದಕ್ಕಿಂತ ಒಳಗೆ ಹೋದೆ ಎನ್ನಬೇಕು. ಮೊಣಕೈ ಮಡಚಲಾಗದೆ, ಬಸ್ಸಿನ ಸೀಟಿನಲ್ಲಿ ಎರಡೂ ಕೈ ಮುಂದೆ ಚಾಚಿಕೊಂಡು, ಅದೃಶ್ಯವಾದ ಸ್ಟಿಯರಿಂಗ್ ಹಿಡಿದವನಂತೆ ಕುಳಿತೆ. ಪಕ್ಕದಲ್ಲಿದ್ದ ಮುದುಕಿ ಎರಡು ಊರು ದಾಟುವವರೆಗೆ ಸುಮ್ಮನಿದ್ದು, ಆಮೇಲೆ ಮೂಗು ಹತ್ತಿರ ತಂದು, ತೆಲುಗು ಬೆರೆತ ಗಡಿಸೀಮೆಯ ಕನ್ನಡದಲ್ಲಿ ಕೇಳಿದಳು.

"ಏಮಪ್ಪಾ, ಮಂದೆ ಎಕ್ಕಡ ಬುಟ್ಟು ಬಂದೆ?"

"ನಾನು ಕುರಿ ಕಾಯೋನಲ್ಲಮ್ಮ. ಕಾದಂಬರಿಕಾರ."

"ಕಾದಂಬ್ರಿನಾ? ಅವನ್ನ ಯಾವ ಸಂತೇಲಿ ಮಾರ್ತಾರು?"

ಉತ್ತರ ನನಗೂ ಗೊತ್ತಿರಲಿಲ್ಲ. ನನ್ನ ಪ್ರಕಾಶಕರಿಗೂ ಗೊತ್ತಿಲ್ಲ.

ಮಾರ್ಚ್ ತಿಂಗಳ ಪಾವಗಡ. ಅಲ್ಲಿ ಬಿಸಿಲನ್ನು ಫಲಕದಲ್ಲಿ ಹಿಡಿದು ಕರೆಂಟು ಮಾಡುತ್ತಾರೆ. ನಾನು ಕಂಬಳಿಯಲ್ಲಿ ಹಿಡಿದೆ. ಸಭೆಯಲ್ಲಿ ಹದಿನಾಲ್ಕು ಜನರಿದ್ದರು. ಮನೆಯವರ ಮಾತನ್ನು ಹೇಗೆ ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಳ್ಳಬೇಕು ಎಂಬುದರ ಬಗ್ಗೆ ನಲವತ್ತು ನಿಮಿಷ ಮಾತಾಡಿದೆ. ಪುಸ್ತಕ ತೆಗೆದು ಅಶ್ವಿನಿಯ ಮಾತುಗಳನ್ನು ಓದಿ ಹೇಳಿದೆ. ಓದುವಾಗಲೂ ಅವುಗಳ ಲಯವೇ ನನಗೆ ಕೇಳಿಸಿತು. ಅಷ್ಟರಲ್ಲಿ ಬೆವರಿಗೆ ಹುಣಸೆಬೀಜದ ಗಂಜಿ ಕರಗಿ ಅಂಟಾಗಿತ್ತು. ಕೊನೆಗೆ ಪುಸ್ತಕ ಜೇಬಿಗಿಳಿಸಿ ಕೈ ಮುಗಿದೆ. ಎರಡೂ ತೋಳು ಒಂದಕ್ಕೊಂದು ಹತ್ತಿಕೊಂಡವು. ಬಿಡಲಿಲ್ಲ. ಮುಗಿದ ಕೈಯಲ್ಲೇ ವೇದಿಕೆ ಇಳಿದೆ, ಮುಗಿದ ಕೈಯಲ್ಲೇ ಊಟದ ಮನೆಗೆ ನಡೆದೆ.

"ಎಷ್ಟೋ ಸಾಹಿತಿಗಳನ್ನ ಕರೆಸಿದೀನಿ," ಎಂದರು ಕದಿರಯ್ಯನವರು ಕಣ್ಣೊರೆಸಿಕೊಳ್ಳುತ್ತ. "ಇಂಥಾ ವಿನಯ ನೋಡಿರ್ಲಿಲ್ಲ."

ಸಂಜೆ ಮನೆಗೆ ಬಂದು, ಹಿತ್ತಲ ಬಾಗಿಲಿನಿಂದ ಕೋಟನ್ನು ಒಳಗೆ ತಂದು, ನನ್ನ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದೆ. ಬುಧವಾರ ಬೀಗರು ಬರುತ್ತಾರೆ ಎಂಬುದಷ್ಟು ನನ್ನ ಕಿವಿಗೆ ಬಿದ್ದಿತ್ತು; ಅವರ ಎದುರಿಗೆ ತೊಟ್ಟು ಎಲ್ಲರನ್ನೂ ಬೆರಗುಗೊಳಿಸುವ ಯೋಚನೆಯಿತ್ತು.

ಸೋಮವಾರ ಬೆಳಿಗ್ಗೆ ಹುಲಿಕುಂಟೆಯ ತಂಗಿಯ ಮನೆಯಲ್ಲಿದ್ದ ನನ್ನ ತಾಯಿ ಓಬಳಮ್ಮ ಬಂದಿಳಿದಳು. ರಜೆ ಹಾಕಿದ್ದ ಯಶಸ್ವಿನಿಯೇ ಹೋಗಿ ಕರೆತಂದಿದ್ದಳು. ಅವ್ವನಿಗೆ ಕಣ್ಣಿನಲ್ಲಿ ಪೊರೆ. ನನ್ನ ಕೋಣೆಯ ಬಾಗಿಲಲ್ಲಿ ನಿಂತವಳು ಸೆರಗು ಸರಿಮಾಡಿಕೊಂಡಳು.

"ಯಾರಪ್ಪ ಅದು ಮೂಲೇಲಿ ನಿಂತಿರೋದು? ಕೂತ್ಕಳಪ್ಪ. ಅಶ್ವಿನೀ, ಬಂದೋರಿಗೆ ನೀರು ಕೊಡಮ್ಮ."

ಅಶ್ವಿನಿ ಚೊಂಬಿನಲ್ಲಿ ನೀರು ತಂದಳು. ಕೋಟಿನ ಎದುರಿಗೆ ನಿಂತಳು. ಚೊಂಬು ಹಿಡಿದೇ ನಿಂತಳು.

ಬಂದವರು ಮಾತಾಡಲಿಲ್ಲವೆಂದು ಅವ್ವ ತಾನೇ ಹತ್ತಿರ ಹೋಗಿ ತೋಳು ಮುಟ್ಟಿದಳು. ಕೈ ಮೇಲಿನಿಂದ ಕೆಳಗೆ ಇಳಿಯಿತು. ಕಂದು ಪಟ್ಟೆಯ ಹತ್ತಿರ ಬಂದು ನಿಂತಿತು.

"ಇದು ನನ್ನ ಕಂಬ್ಳಿ ಕಣಮ್ಮ," ಎಂದಳು.

ಯಶಸ್ವಿನಿ ಕೋಟಿನ ಸುತ್ತ ಒಂದು ಸುತ್ತು ಬಂದಳು. "ಅಪ್ಪಾ, ಇದಕ್ಕೆ ಜಂತಿನ ಔಷಧಿ ಹಾಕ್ಸಿದೀಯ?" ಎಂದಳು. ಯಾರೂ ನಗಲಿಲ್ಲ. ಅವಳೂ ನಗಲಿಲ್ಲ. ಸಣ್ಣ ದನಿಯಲ್ಲಿ, "ಅಜ್ಜ ಎದ್ದು ಹೋದ್ರೆ ಮತ್ತೆ ಬರಲ್ಲಪ್ಪ. ರಾಜು ಕಾಲಿಗೆ ಬಿದ್ರೂ ಬರಲ್ಲ," ಎಂದಳು.

ನನಗೆ ಆಗ ಕೇಳಿಸಿತು. ಒಂದು ವಾರದ ಹಿಂದೆ ಹೇಳಿದ್ದೆಲ್ಲ, ಅಕ್ಷರ ಬಿಡದೆ, ಅಂದು ಕೇಳಿಸಿತು.

"ಬೇರೆ ಕಂಬಳಿ ತಂದರಾಯ್ತು ಅವ್ವ. ಸಂತೇಲಿ ಸಿಗುತ್ತೆ," ಎಂದೆ.

"ಸಂತೆ ಕಂಬ್ಳಿ ಹೊದ್ಕಳಕ್ಕೆ ಕಣ್ಲಾ, ಮಾತು ಕೊಡಕ್ಕಲ್ಲ. ಇದ್ರ ಉಣ್ಣೆ ನಾನೇ ನೂತಿದ್ದು. ಅವಾಗ ನೀನು ಹೊಟ್ಟೇಲಿದ್ದೆ. ನೂಲೋಕೆ ಕುಂತ್ರೆ ಸಾಕು, ಒದೀತಿದ್ದೆ. ಅವಾಗ್ಲೇ ತಿಳೀಬೇಕಾಗಿತ್ತು ನಂಗೆ."

ಅಶ್ವಿನಿ ಬೈಯಲಿಲ್ಲ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಅಷ್ಟು ಹೆದರಿಕೆಯಾದದ್ದು ನನಗೆ ಅದೇ ಮೊದಲು. ಚೊಂಬಿನ ನೀರನ್ನು ತಾನೇ ಕುಡಿದು, "ದಾದಾಪೀರ್ ಅಂಗಡಿ ಎಷ್ಟು ಗಂಟೆಗೆ ತೆಗೀತಾರೆ?" ಎಂದು ಕೇಳಿದಳು.

ಹತ್ತಕ್ಕೆ ತೆಗೆಯುತ್ತಾರೆ. ಒಂಬತ್ತೂಮುಕ್ಕಾಲಕ್ಕೆ ನಾವು ಮೆಟ್ಟಿಲ ಮೇಲಿದ್ದೆವು. ಕೋಟನ್ನು ಮಧ್ಯದಲ್ಲಿ ನಿಲ್ಲಿಸಿಕೊಂಡಿದ್ದೆವು. ನೋಡಿದವರು ಮೂವರೆಂದುಕೊಂಡಿರಬೇಕು.

"ನಾನು ಕೇಳಿದ್ದೆ ಮೇಡಂ, ಮನೇಲಿ ಕೇಳಿದ್ರಾ ಅಂತ," ಎಂದ ದಾದಾಪೀರ್ ಶಟರ್ ಎತ್ತುವ ಮೊದಲೇ. "ಸಾಬ್ ಹೇಳಿದ್ರು, ಮನೇನೇ ಸ್ಫೂರ್ತಿ ಅಂತ."

ಅಶ್ವಿನಿ ನನ್ನ ಕಡೆ ಒಂದು ನೋಟ ಬಿಟ್ಟಳು. ಅದರ ವರ್ಣನೆ ನನ್ನ ಶಕ್ತಿಗೆ ಮೀರಿದ್ದು.

ಆ ದಿನ ಗಣಿತ ಏನೆಂದು ನನಗೆ ಗೊತ್ತಾಯಿತು. ಅವಳು ಅಂಗಡಿಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಂಬಳಿಯ ಪೂರ್ತಿ ಅಳತೆಗೆ ಗೆರೆ ಎಳೆದಳು. ಬಿಚ್ಚಿದ ಬೆನ್ನು ನಡುವೆ ಬಂತು, ಎದೆಯ ಎರಡು ಭಾಗ ಅಕ್ಕಪಕ್ಕ, ತೋಳುಗಳನ್ನು ತಲೆಕೆಳಗು ಮಾಡಿ ಮೂಲೆಗೆ. ಉಳಿದ ತುಂಡುಗಳನ್ನು ಹುಡುಕಬೇಕಾಯಿತು. ಒಂದು ದಾದಾಪೀರ್‌ನ ಸ್ಟೂಲಿನ ಮೇಲೆ ದಿಂಬಾಗಿತ್ತು. ಒಂದು ಎದುರಿನ ಹೋಟೆಲಿನಲ್ಲಿ ಬಿಸಿ ಪಾತ್ರೆ ಇಳಿಸುವ ಬಟ್ಟೆಯಾಗಿ ಕೆಲಸಕ್ಕೆ ಸೇರಿತ್ತು. ಎಲ್ಲವನ್ನೂ ಸೇರಿಸಿ ಹೊಲಿಯಲು ಎರಡು ದಿನ, ಐದು ಸೂಜಿ ಹಿಡಿದವು. ಜೇಬೊಂದು ಮಾತ್ರ ಉಳಿಯಿತು.

"ಬಿಚ್ಚಿದ್ರೆ ತೂತು ಬೀಳ್ತದೆ ಮೇಡಂ. ಇದ್ದುಬಿಡ್ಲಿ."

"ಇರ್ಲಿ. ಕೆಳಗಡೆ ಮಾಡಿ ಹಾಸ್ತೀನಿ," ಎಂದಳು ಅಶ್ವಿನಿ.

ಈ ಗದ್ದಲದಲ್ಲಿ ನನ್ನ ಪುಸ್ತಕ ಎಲ್ಲೋ ಕಳೆದುಹೋಗಿತ್ತು. ಹುಡುಕುತ್ತೇನೆಂದು ಹೇಳುವ ಧೈರ್ಯ ಮನೆಯಲ್ಲಿ ನನಗಿರಲಿಲ್ಲ.

ಬುಧವಾರ ದೊಡ್ಡಹನುಮಯ್ಯನವರು ಬಂದರು. ಎಂಬತ್ತು ದಾಟಿದ ಎತ್ತರದ ಆಳು, ಬಿಳಿ ಪೇಟ, ಕೈಯಲ್ಲಿ ಕೋಲು. ಹಿಂದೆ ನರಸಿಂಹರಾಜು ಮತ್ತು ಇಬ್ಬರು ಹಿರಿಯರು. ನಡುಮನೆಯಲ್ಲಿ ಕಂಬಳಿ ಹಾಸಿತ್ತು, ಜೇಬು ಕೆಳಗೆ. ಅಜ್ಜ ಕೂರಲಿಲ್ಲ. ಕೋಲಿನ ತುದಿಯಿಂದ ಅಂಚನ್ನು ಎತ್ತಿದರು.

"ಕಂದು ಪಟ್ಟೆ ಮೂಡ್ಲಿಗೆ ಬರ್ಬೇಕು. ಅಂಗಲ್ಲ ಹಾಸೋದು. ಬುಡಿ, ನಾನೇ ಹಾಸ್ತೀನಿ," ಎಂದು ಎರಡೂ ಕೈಯಲ್ಲಿ ಹಿಡಿದು ಕೊಡವಿ, ಮಗುಚಿ ಹಾಕಿದರು. ಜೇಬು ಮೇಲೆ ಬಂತು.

ಅಶ್ವಿನಿ ಕಣ್ಣು ಮುಚ್ಚಿಕೊಂಡಳು. ಅಜ್ಜ ಜೇಬನ್ನು ನೋಡುತ್ತಲೇ ಕುಳಿತರು. ಬೆರಳಿನಿಂದ ಹೊಲಿಗೆಯೊಂದನ್ನು ಹಿಡಿದು ಈ ತುದಿಯಿಂದ ಆ ತುದಿಯವರೆಗೆ ಹೋಗಿಬಂದರು. ಇನ್ನೊಂದು ಹಿಡಿದರು. ಆಮೇಲೆ ಜೇಬಿನೊಳಗೆ ಕೈ ಬಿಟ್ಟರು. ಮೊಣಕೈಯವರೆಗೆ ಹೋಯಿತು. ಹೊರಗೆ ಬಂದಾಗ ಅಂಗೈಯಲ್ಲಿ ಅಂಗೈಯಗಲದ ಪುಸ್ತಕವಿತ್ತು.

"ಇದೇನು ಮಗ? ಓದು," ಎಂದು ಯಶಸ್ವಿನಿಯ ಕೈಗೆ ಕೊಟ್ಟರು.

ಯಶಸ್ವಿನಿ ನನ್ನ ಮುಖ ನೋಡಿದಳು. ನಾನು ತೊಲೆ ನೋಡಿದೆ. ಅವಳು ಓದಿದಳು.

"'ಸೋಮವಾರ. ಅಶ್ವಿನಿ ಹೇಳಿದ್ದು: ಪ್ಲಾಸ್ಟಿಕ್ ಚಾಪೆ ಹಾಸಿದ್ರು ಅಂತ ಕಾಫೀನೂ ಕುಡೀದೆ ಎದ್ದು ಬಂದವ್ರಂತೆ. ಹಾಸ್ಯದ ಧಾಟಿ ಚೆನ್ನಾಗಿದೆ.'"

ಅಜ್ಜನ ಮೀಸೆ ಅಲುಗಿತು. "ಮುಂದಕ್ಕೆ."

"'ಕತ್ತರಿ ಸೋಕದ ಕಂಬಳಿ ಅದು, ಹಂಗೇ ಇರ್ಲಿ. ಮುಟ್ಬೇಡಿ. ಎಂಥ ಸಹಜ ಲಯ. ಕೊನೆಯ ಪದದಲ್ಲಿ ಒಂದು ಹರಿತವಿದೆ.'"

"ಮುಂದಕ್ಕೆ."

"'ಮಂಗಳವಾರ. ಟ್ರಂಕಿನಲ್ಲಿ ಒಂದು ಕಂಬಳಿ ಸಿಕ್ಕಿತು. ಕೋಟು ಹೊಲಿಸಬೇಕು.'"

ಹೊರಗೆ ರಸ್ತೆಯಲ್ಲಿ ಯಾರೋ ಸೊಪ್ಪು ಮಾರಿಕೊಂಡು ಹೋದರು. ಅವರ ದನಿ ಬೀದಿಯ ತುದಿ ಮುಟ್ಟುವವರೆಗೂ ನಡುಮನೆಗೆ ಕೇಳಿಸಿತು.

ಅಜ್ಜ ನನ್ನ ಕಡೆ ತಿರುಗಿದರು. "ಬರ್ದೋನು ನೀನೇನಪ್ಪ?"

"ಹೌದು."

"ಕೇಳಿಸ್ಕಂಡು ಬರ್ಕಂಡ್ಯಾ?"

"ಹೌದು."

"ಬರ್ಕಂಡ್ ಮೇಲೆ ಕತ್ತರ್ಸಿದ್ಯಾ?"

"...ಹೌದು."

"ನಾನು ಓದಿಲ್ಲಪ್ಪ," ಎಂದರು ಅಜ್ಜ. "ಹೆಬ್ಬೆಟ್ಟು. ಅದ್ಕೇ ಯಾರಾದ್ರೂ ಏನಾದ್ರೂ ಅಂದ್ರೆ ಅವಾಗ್ಲೇ ಕೇಳಿಸ್ಕಬೇಕು ನಾನು." ಅಶ್ವಿನಿಯ ಕಡೆ ನೋಡಿದರು. "ತಿರ್ಗಿ ಕೂಡ್ಸಿದ್ದು ಯಾರು ತಾಯಿ?"

"ನಾನು ಮುಂದೆ ನಿಂತು ಹೊಲಿಸಿದೆ. ಜೇಬು ಕೆಳಗಡೆ ಮಾಡಿ ಮುಚ್ಚಿಟ್ಟಿದ್ದೂ ನಾನೇ. ತಪ್ಪಾಯ್ತು," ಎಂದಳು. "ನಮ್ಮನೇಲಿ ಇರೋ ಕಂಬಳಿ ಇದೊಂದೇ. ಹೆಂಗಿದೆಯೋ ಹಂಗೆ ಹಾಸಿದೀವಿ."

ಅಜ್ಜ ಕೋಲಿಗೆ ಕೈ ಹಾಕಿದರು. ಏಳುತ್ತಾರೆಂದುಕೊಂಡೆ. ಅವರು ಕೋಲಿನಿಂದ ವೀಳ್ಯದ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಎಲೆಅಡಿಕೆ ಎತ್ತಿ, ಕಣ್ಣಿಗೊತ್ತಿ, ನಿಧಾನವಾಗಿ ಜೇಬಿನೊಳಗೆ ಇಳಿಸಿ, ಮೇಲಿನಿಂದ ಎರಡು ಸಲ ತಟ್ಟಿದರು.

"ಮಾತು ಕೊಟ್ಟೀನಿ. ಈವಪ್ಪಂಗಲ್ಲ, ಈ ತಾಯಿಗೆ. ಇಷ್ಟ್ ವರ್ಷ ಆಯ್ತು, ಕಂಬ್ಳಿ ಮೇಲೆ ಕುಂತಾಗೆಲ್ಲ ಎಲೆಅಡಿಕೆ ಜಾರಿ ಎಲ್ಲೋ ಹೋಗದು. ಜೇಬು ಇಡ್ಬೇಕು ಅಂತ ಯಾವ ನನ್ಮಗನಿಗೂ ತೋಚಿರ್ಲಿಲ್ಲ." ಮತ್ತೆ ನನ್ನ ಕಡೆ ಬೆರಳು ಮಾಡಿದರು. "ಒಂದು ಕರಾರು. ಮದ್ವೇಗೆ ಈವಪ್ಪನ ಬಟ್ಟೆ ನಾವು ಕೊಡ್ತೀವಿ. ಹೊಲ್ದಿರೋದೇ ಕೊಡ್ತೀವಿ. ಕತ್ತರಿ ಇರೋ ಕಡೆ ಇವನ್ನ ಬುಡ್ಬೇಡಿ."

ಅವ್ವ ಜೋರಾಗಿ ನಕ್ಕಳು. ನರಸಿಂಹರಾಜು ನಗಬಹುದೇ ಎಂದು ಯಶಸ್ವಿನಿಯನ್ನು ನೋಡಿ, ಅಪ್ಪಣೆ ಸಿಕ್ಕ ಮೇಲೆ ನಕ್ಕ. ನಾನು ಬೀಗರಿಗೆ ಕಾಫಿ ತರಲು ಒಳಗೆ ಹೋದೆ. ನಾನು ಅಲ್ಲಿದ್ದಾಗ ಹೊರಗೆ ಇನ್ನೂ ಏನೇನೋ ಮಾತಾಯಿತು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅಶ್ವಿನಿ ಮೊರ ಹಿಡಿದು ಕುಳಿತಳು. ಚಟ್. ಕಿಟಕಿಯ ಬೆಳಕು ಅವಳ ಕೈಮೇಲೆ ಬಿದ್ದಿತ್ತು. ನಾನು ಪಕ್ಕದಲ್ಲಿ ಕುಳಿತು, ಅಜ್ಜ ಹಿಂದಕ್ಕೆ ಕೊಟ್ಟಿದ್ದ ಪುಸ್ತಕವನ್ನು ಮೆಲ್ಲಗೆ ಬಿಚ್ಚಿದೆ. ಅವಳು ಕೋಪವಿಲ್ಲದೆ ಮಾತಾಡುತ್ತಿದ್ದಳು. ನಾನು ಒಳಗೆ ಹೋಗಿದ್ದಾಗ ಏನೇನು ಗೊತ್ತಾಯಿತೆಂದು ಹೇಳುತ್ತಿದ್ದಳು. ಒಂದೊಂದು ಮಾತಿಗೂ ಒಂದೊಂದು ಕಾಯಿ ಬಿಡಿಸುತ್ತ, ಎಷ್ಟೋ ದಿನಗಳ ಮೇಲೆ ಹಗುರಾದ ದನಿಯಲ್ಲಿ. ನಾನು ಬಿಡದೆ ಬರೆದೆ.

ಅವಳ ಕೈ ನಿಂತಿತು. "ಏನ್ ಬರ್ಕೊಂಡ್ರಿ? ಓದಿ."

ಓದಿದೆ. "'ಬುಧವಾರ ಮಧ್ಯಾಹ್ನ. ಅಶ್ವಿನಿಯ ದನಿಯಲ್ಲಿ ದಣಿವಿನ ಕೆಳಗೆ ಒಂದು ಹೊಸ ಮೆದುತನ. ಪ್ರತಿ ಮಾತಿನ ಕೊನೆಗೆ, ಪೂರ್ಣವಿರಾಮದ ಬದಲು, ಒಂದು ಚಟ್.'"

"ಅಷ್ಟೇನಾ?"

"ಅಷ್ಟೇ. ಯಾಕೆ, ಚೆನ್ನಾಗಿ ಬಂದಿಲ್ವಾ?" ಎಂದೆ. ಅವಳ ಮುಖ ನೋಡಿ ಏನೋ ಬಿಟ್ಟುಹೋಗಿದೆಯೆಂದು ಹೊಳೆಯಿತು. "ಅಂದ ಹಾಗೆ ಅಶ್ವಿನೀ, ಮದುವೆ ಯಾವತ್ತು ಅಂತ ಹೇಳಿದೆ? ಛತ್ರ ಶಿರಾದಲ್ಲೋ, ಇಲ್ಲ ಮಧು..."

ಅವಳು ಮೊರ ಎತ್ತಿಕೊಂಡು, ಸಿಪ್ಪೆಯನ್ನೂ ಕೊಡವದೆ, ಒಳಗೆ ನಡೆದುಬಿಟ್ಟಳು.